ಜೊತೆಗೆ ಹೊರಟವರ ಬುಧವಾರ

ದೂರದಿಂದಲೇ ಕೆಲಸ ಮಾಡುವವರಿಗೆ ಕೊಡುವ ದೀರ್ಘಾವಧಿ ವೀಸಾ ಪಡೆದು ಸ್ಪೇನ್‌ನಲ್ಲಿ ನೆಲೆಸಬೇಕೆಂದು ತೀರ್ಮಾನಿಸಿದ್ದ 34 ವರ್ಷದ ಮಹಿಳೆಯೊಬ್ಬರು, ಆ ಮಾತು ಎತ್ತಿದರೆ ಪತಿ ಎದ್ದು ಹೋಗುತ್ತಾರೆಂಬ ದೂರಿನೊಂದಿಗೆ ನನ್ನ ಬಳಿ ಬಂದರು. ಅವರು ಸಾಫ್ಟ್‌ವೇರ್ ಪರೀಕ್ಷಕಿ, ಪತಿ ಫಿಸಿಯೋಥೆರಪಿಸ್ಟ್. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ಅವರು ಲ್ಯಾಪ್‌ಟಾಪ್ ತೆರೆದು, ತಿಂಗಳುಗಟ್ಟಲೆ ಕೂತು ಸಿದ್ಧಪಡಿಸಿದ್ದ ಪಟ್ಟಿಯನ್ನು ತೋರಿಸಿದರು. 2020ರ ಆಗಸ್ಟ್‌ನಲ್ಲಿಯೇ ಇಂಥ ವೀಸಾ ಆರಂಭಿಸಿದ ಎಸ್ಟೋನಿಯಾ, ಅನಂತರದ ಕ್ರೊಯೇಷಿಯಾ, ಪೋರ್ಚುಗಲ್, ಸ್ಪೇನ್, ಎಲ್ಲವೂ ಅದರಲ್ಲಿದ್ದವು. ಬಾಡಿಗೆ, ಇಂಟರ್ನೆಟ್ ವೇಗ, ಕಚೇರಿಯ ಸಮಯಕ್ಕೂ ಅಲ್ಲಿನ ಸಮಯಕ್ಕೂ ಇರುವ ಅಂತರ, ಯಾವುದನ್ನೂ ಬಿಟ್ಟಿರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಸ್ಪೇನ್ ಮಾಡಿದ ಸ್ಟಾರ್ಟಪ್ (ನವೋದ್ಯಮ) ಕಾಯ್ದೆಯಡಿ ಸಿಗುವ ಈ ವೀಸಾಕ್ಕೆ ಅರ್ಜಿದಾರರ ತಿಂಗಳ ಆದಾಯ ಅಲ್ಲಿನ ಕನಿಷ್ಠ ವೇತನದ ಎರಡು ಪಟ್ಟು ಇರಬೇಕು, ಕುಟುಂಬದ ಒಬ್ಬರು ಜೊತೆಗಿದ್ದರೆ ಅದೇ ವೇತನದ ಇನ್ನೂ ಶೇ. 75ರಷ್ಟನ್ನು ತೋರಿಸಬೇಕು. ಪಟ್ಟಿಯಲ್ಲಿ ಪತಿಯ ಪ್ರಸ್ತಾಪ ಎಲ್ಲಿದೆ ಎಂದು ನಾನು ಕೇಳಿದಾಗ, ಅವರು ಸ್ವಲ್ಪ ಹುಡುಕಿ, ಆ ಶೇ. 75ರ ಮೇಲೆ ಬೆರಳಿಟ್ಟರು. ಅಲ್ಲಿ ಬಿಟ್ಟರೆ ಪತಿ ಬೇರೆಲ್ಲೂ ಇರಲಿಲ್ಲ.

ಎರಡನೆಯ ಭೇಟಿಗೆ ಪತಿಯೂ ಬಂದರು. ಬಹಳ ಹೊತ್ತು ಮಾತಾಡದೆ, ಒಂದು ಕೈಯ ಹೆಬ್ಬೆರಳಿನಿಂದ ಇನ್ನೊಂದು ಅಂಗೈಯನ್ನು ಒತ್ತುತ್ತಾ ಕುಳಿತಿದ್ದವರು ಕೊನೆಗೆ ಹೇಳಿದ್ದು ಇಷ್ಟು: “ಇವಳು ಎಲ್ಲಿಗೆ ಹೋದರೂ ಬೆಳಿಗ್ಗೆ ಅದೇ ತಂಡ, ಅದೇ ಮೀಟಿಂಗ್. ಬೆಳಿಗ್ಗೆ ಎದ್ದ ಮೇಲೆ ನನಗೆ ಅಲ್ಲಿ ಏನಿರುತ್ತದೆ?”

ಈ ಪ್ರಶ್ನೆಯಲ್ಲಿಯೇ ಪ್ರಕರಣದ ತಿರುಳಿದೆ ಎಂದು ನನಗೆ ಅನ್ನಿಸಿತು. ಹೊಸ ನೌಕರಿ ಸಿಕ್ಕಿ ಪರದೇಶಕ್ಕೆ ಹೋಗುವ ದಂಪತಿಯಲ್ಲಿ ದುಡಿಯುವವರೂ ಹಳೆಯ ಸಹೋದ್ಯೋಗಿಗಳನ್ನು ಕಳೆದುಕೊಳ್ಳುತ್ತಾರೆ, ಆದರೆ ಹೊಸ ಕಚೇರಿಯ ಮೂಲಕ ಆ ಊರಿನ ನಾಲ್ಕು ಜನರ ಪರಿಚಯವಾಗಿ, ಆ ಪರಿಚಯ ನಿಧಾನವಾಗಿ ಮನೆಗೂ ಬರುತ್ತದೆ. ದೂರದಿಂದ ಕೆಲಸ ಮಾಡುವವರ ವಿಷಯ ಹಾಗಲ್ಲ. ಅವರ ಕೆಲಸದ ಲೋಕ ಲ್ಯಾಪ್‌ಟಾಪಿನೊಳಗೇ ಅವರೊಂದಿಗೆ ಪ್ರಯಾಣ ಮಾಡುವುದರಿಂದ ಏನನ್ನೂ ಬಿಟ್ಟುಬಂದಂತೆ ಅವರಿಗೆ ತೋರುವುದಿಲ್ಲ. ಜೊತೆಗೆ ಬಂದವರು ಮಾತ್ರ ಎಲ್ಲವನ್ನೂ ಬಿಟ್ಟು ಬಂದಿರುತ್ತಾರೆ, ಮತ್ತು ಆ ಊರಿನೊಳಕ್ಕೆ ಕರೆದೊಯ್ಯುವ ಬಾಗಿಲು ಇಬ್ಬರಲ್ಲಿ ಒಬ್ಬರಿಗೂ ಇರುವುದಿಲ್ಲ. ಪತ್ನಿಗೆ ಇದು ಕಾಣದೆ ಹೋದದ್ದು ನಿರ್ದಯತೆಯಿಂದಲ್ಲ. ತನಗೆ ಆಗದ ನಷ್ಟವನ್ನು ಊಹಿಸಿಕೊಳ್ಳುವುದು ಯಾರಿಗೂ ಸುಲಭವಲ್ಲ.

ಸ್ಪೇನ್ ಸಂಗಾತಿಗೂ ಕೆಲಸ ಮಾಡುವ ಅನುಮತಿ ಕೊಡುತ್ತದೆ, ಆದ್ದರಿಂದಲೇ ಅದನ್ನು ಆರಿಸಿದೆ ಎಂದು ಆಕೆ ಹೇಳಿದರು. ಮಾತು ನಿಜ, ಅದರ ಹಿಂದಿನ ಕಾಳಜಿಯೂ ನಿಜ. ಆದರೆ ಫಿಸಿಯೋಥೆರಪಿ ಅಲ್ಲಿ ಕಾನೂನಿನ ನಿಯಂತ್ರಣದಲ್ಲಿರುವ ವೃತ್ತಿ. ಹೊರದೇಶದ ಪದವಿಗೆ ಮೊದಲು ಅಲ್ಲಿನ ಸರ್ಕಾರದ ಮಾನ್ಯತೆ ಪಡೆಯಬೇಕು, ಎಲ್ಲಿ ನೋವು ಎಂದು ಸ್ಪ್ಯಾನಿಷ್‌ನಲ್ಲಿ ಹೇಳುವ ರೋಗಿಯ ಮಾತು ಅರ್ಥವಾಗಬೇಕು. ಅನುಮತಿ ಮೊದಲ ದಿನವೇ ಸಿಗಬಹುದು, ಕೆಲಸ ಸಿಗುವುದಿಲ್ಲ.

ಮೂರನೆಯ ಭೇಟಿಯಲ್ಲಿ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಅಲ್ಲಿಗೆ ಹೋದ ಮೂರನೆಯ ತಿಂಗಳ ಯಾವುದಾದರೂ ಒಂದು ಬುಧವಾರವನ್ನು ಗಂಟೆಗೆ ಗಂಟೆಯಂತೆ ಬರೆಯಲು ಹೇಳಿದೆ. ಭಾನುವಾರ ಬೇಡವೆಂದದ್ದು ಉದ್ದೇಶಪೂರ್ವಕ, ಏಕೆಂದರೆ ರಜೆಯ ದಿನ ಯಾವ ದೇಶದಲ್ಲಾದರೂ ಚೆನ್ನಾಗಿಯೇ ಕಾಣುತ್ತದೆ. ಆಕೆಯ ಹಾಳೆ ಬೇಗ ತುಂಬಿತು. ಪತಿಯ ಹಾಳೆಯಲ್ಲಿ ಬೆಳಗಿನ ಕಾಫಿಯಾದ ಮೇಲೆ ಹತ್ತರಿಂದ ಆರರವರೆಗೆ ಏನೂ ಇರಲಿಲ್ಲ. ಅದನ್ನು ನೋಡಿದ ಪತ್ನಿ, “ಈ ಎಂಟು ಗಂಟೆಯೂ ನಾನು ಪಕ್ಕದ ಕೋಣೆಯಲ್ಲೇ ಇರುತ್ತೇನೆ, ಬಾಗಿಲು ಹಾಕಿಕೊಂಡು” ಎಂದು ಮೆಲ್ಲಗೆ ಹೇಳಿದರು. ಅವರ ನಡುವೆ ನಿಜವಾದ ಮಾತುಕತೆ ಆರಂಭವಾದದ್ದು ಆಗ.

ಹೋಗಿರಿ ಎಂದಾಗಲಿ ಬೇಡವೆಂದಾಗಲಿ ನಾನು ಹೇಳಲಿಲ್ಲ. ಅದು ನನ್ನ ಕೆಲಸವಲ್ಲ. ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಕ್ರಮದ ಬಗ್ಗೆ: ಪತಿಯ ಪದವಿ ಮಾನ್ಯತೆಯ ಅರ್ಜಿ ಮತ್ತು ಭಾಷಾ ತರಗತಿ ಮೊದಲು, ವೀಸಾ ಅರ್ಜಿ ಆಮೇಲೆ. ಮಾನ್ಯತೆಗೆ ಬಹಳ ಕಾಲ ಹಿಡಿಯಬಹುದಾದ್ದರಿಂದ ಆ ಕಾಯುವಿಕೆಯನ್ನು, ಕೈಯಲ್ಲಿ ಕೆಲಸವಿರುವಾಗ, ತಮ್ಮ ಮನೆಯಲ್ಲಿಯೇ ಕಳೆಯುವುದು ಲೇಸು. ಹಣದ ವಿಷಯದಲ್ಲಿ, ಇಬ್ಬರೂ ಕೇಳದೆ ತೆಗೆಯಬಹುದಾದ ಜಂಟಿ ಖಾತೆಯೊಂದು ಹೊರಡುವ ಮೊದಲೇ ಇರಲಿ ಎಂದೆ, ಏಕೆಂದರೆ ಇದುವರೆಗೆ ಸ್ವಂತ ದುಡಿಮೆಯಲ್ಲಿ ಬದುಕಿದ ವ್ಯಕ್ತಿ ಬಸ್ಸಿನ ಕಾಸಿಗೂ ಕೈಚಾಚಬೇಕಾಗಿ ಬಂದರೆ ಆ ಕಹಿ ದಾಂಪತ್ಯದ ಎಲ್ಲ ಮೂಲೆಗಳಿಗೂ ಹರಡುತ್ತದೆ. ಸ್ಪೇನ್‌ನ ಹೊರಗಿನಿಂದ ಅರ್ಜಿ ಹಾಕಿ ಪಡೆಯುವ ವೀಸಾದ ಗರಿಷ್ಠ ಅವಧಿ ಒಂದು ವರ್ಷ. ಅಲ್ಲಿಯೇ ಮುಂದುವರಿಯುವವರು ಮೂರು ವರ್ಷದವರೆಗಿನ ಅನುಮತಿ ಪಡೆಯಬಹುದು. ಆ ಒಂದು ವರ್ಷದ ಕೊನೆಯನ್ನು ಇಬ್ಬರೂ ಸಮಾನವಾಗಿ ಮತ ಹಾಕುವ ದಿನವೆಂದು ಈಗಲೇ ಒಪ್ಪಿಕೊಳ್ಳಿ, ಅಂದು ಪತಿ ಮರಳೋಣವೆಂದರೆ ಅದು ಸೋಲೆಂದು ಲೆಕ್ಕವಾಗಬಾರದು ಎಂದೂ ಹೇಳಿದೆ.

ಉದ್ಯೋಗದಾತರು ಬರಹದಲ್ಲಿ ಒಪ್ಪಬೇಕೆಂಬ ನಿಯಮವಿದ್ದರೂ ಆಕೆ ಅದುವರೆಗೆ ತಮ್ಮ ಮ್ಯಾನೇಜರನ್ನು ಕೇಳಿಯೇ ಇರಲಿಲ್ಲ. ಕೇಳಲು ಭಯವಿತ್ತೆಂದರು, ಅದನ್ನು ಮೊದಲು ದಾಟಿ ಎಂದೆ. ತೆರಿಗೆಯ ಪ್ರಶ್ನೆಯನ್ನು, ವರ್ಷಕ್ಕೆ 183 ದಿನ ಮೀರಿದರೆ ತೆರಿಗೆಯ ಲೆಕ್ಕಕ್ಕೆ ಅಲ್ಲಿನ ನಿವಾಸಿಯಾಗುವ ಸಂಗತಿಯನ್ನು ವಿಶೇಷವಾಗಿ, ಎರಡೂ ದೇಶಗಳ ನಿಯಮ ಬಲ್ಲ ತಜ್ಞರ ಬಳಿ ವಿಚಾರಿಸಲು ಕಳುಹಿಸಿದೆ.

ಐದನೆಯ ಭೇಟಿಯ ಹೊತ್ತಿಗೆ ಅವರು ಪ್ರಯಾಣವನ್ನು ಮುಂದೂಡಿದ್ದರು, ಕೈಬಿಟ್ಟಿರಲಿಲ್ಲ. ಪತಿ ಆ ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಹತ್ತರಿಂದ ಹನ್ನೆರಡರ ಜಾಗದಲ್ಲಿ ‘ಭಾಷಾ ತರಗತಿ’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಉಳಿದದ್ದು ಇನ್ನೂ ಖಾಲಿಯಿತ್ತು; ಪತ್ನಿ ಅದನ್ನು ನೋಡಿದರು, ತಾವೇ ತುಂಬಿಸಲು ಹೋಗಲಿಲ್ಲ.