ಡೈಮಂಡ್ ಟರ್ನಿಂಗ್ ಮಷೀನ್ ಒಂದಿದ್ದರೆ ಫ್ರೀಫಾರ್ಮ್ ಕನ್ನಡಿ ಮಾಡಬಹುದಾ?

ಪೀಣ್ಯದಲ್ಲಿ ಅಪ್ಪನ ಸಿಎನ್‌ಸಿ ವರ್ಕ್‌ಶಾಪ್ ಇದೆ, ವಜ್ರದ ಟೂಲ್‌ನಿಂದ ಕನ್ನಡಿಯಷ್ಟು ನುಣುಪಾಗಿ ಕತ್ತರಿಸುವ ಡೈಮಂಡ್ ಟರ್ನಿಂಗ್ ಮಷೀನ್ ತಗೊಂಡು ಫ್ರೀಫಾರ್ಮ್ ಕನ್ನಡಿ, ಅಂದರೆ ಸುತ್ತಲೂ ಒಂದೇ ಸಮನಾಗಿರದ ವಕ್ರ ಆಕಾರದ ಕನ್ನಡಿ, ಮಾಡಿಕೊಡಬಹುದಾ ಎಂದು ಕೇಳಿದ್ದೀರಿ. ಮಾಡಬಹುದು. ಆದರೆ ಮಾಡಿದ್ದು ಸರಿಯಾಗಿದೆ ಎಂದು ಗೊತ್ತಾಗುವುದು ಹೇಗೆ? ನಾನು ಹತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನನ್ನ ತಲೆನೋವಿನಲ್ಲಿ ಮುಕ್ಕಾಲು ಪಾಲು ಬಂದಿದ್ದು ಅಳತೆಯಿಂದ.

ಕತ್ತರಿಸುವ ವಿಷಯ ಬೇಗ ಮುಗಿಸುತ್ತೇನೆ. ಅಲ್ಯೂಮಿನಿಯಂ, ತಾಮ್ರ, ಜರ್ಮೇನಿಯಂ, ಅಕ್ರಿಲಿಕ್, ಇವೆಲ್ಲ ವಜ್ರದ ಟೂಲ್‌ಗೆ ಬಗ್ಗುತ್ತವೆ. ಸ್ಟೀಲ್ ಮಾತ್ರ ಮುಟ್ಟಬೇಡಿ. ವಜ್ರ ಅಂದರೆ ಕಾರ್ಬನ್, ಬಿಸಿಯಾದ ಕಬ್ಬಿಣ ಅದನ್ನು ತಿಂದುಬಿಡುತ್ತದೆ. ಮಾಮೂಲಿ ಲೇತ್‌ನಲ್ಲಿ ಪೀಸನ್ನು ತಿರುಗಿಸುವ ಸ್ಪಿಂಡಲ್ ಸುಮ್ನೆ ತಿರುಗುತ್ತದೆ. ಇಲ್ಲಿ ಅದು ಎಷ್ಟು ಡಿಗ್ರಿ ತಿರುಗಿದೆ ಎಂದು ಕಂಟ್ರೋಲರ್‌ಗೆ ಪ್ರತಿ ಕ್ಷಣ ಗೊತ್ತಿರುತ್ತದೆ. ಅದಕ್ಕೆ ತಕ್ಕಂತೆ ಒಂದೇ ಸುತ್ತಿನೊಳಗೆ ಟೂಲ್ ಹಿಂದೆ ಮುಂದೆ ಆಡುತ್ತದೆ. ಸ್ಲೋ ಟೂಲ್ ಸರ್ವೋ ಎನ್ನುವುದು ಇದನ್ನೇ.

ಈಗ ಅಳತೆ. ಗುಂಡಗಿನ ಲೆನ್ಸ್ ಆದರೆ ನಡುವಿನಿಂದ ಒಂದು ಗೆರೆ ಅಳೆದರೆ ಹೆಚ್ಚುಕಡಿಮೆ ಪೂರ್ತಿ ಗೊತ್ತಾದ ಹಾಗೆ, ಸುತ್ತಲೂ ಅದೇ ಆಕಾರ ಅಲ್ವಾ. ಫ್ರೀಫಾರ್ಮ್‌ಗೆ ಆ ಸೌಕರ್ಯ ಇಲ್ಲ. ಇದನ್ನು ಕಲಿಯಲು ನಾನು ಒಂದು ಕನ್ನಡಿ ಕಳೆದುಕೊಂಡೆ. ಅಲ್ಯೂಮಿನಿಯಂ ಪೀಸು. ಮೇಲ್ಮೈಯ ಏರಿಳಿತವನ್ನು ಒಂದು ಗೆರೆಯುದ್ದಕ್ಕೂ ಅಳೆಯುವ ಪ್ರೊಫೈಲೋಮೀಟರ್‌ನಲ್ಲಿ ಒಂದು ಗೆರೆ ಎಳೆದೆ, ಗ್ರಾಫ್ ಬೆಣ್ಣೆಯ ಹಾಗಿತ್ತು, ಕಳಿಸಿಬಿಟ್ಟೆ. ವಾರದಲ್ಲಿ ವಾಪಸ್ ಬಂತು. ಬಿಂಬ ಒಂದು ದಿಕ್ಕಿಗೆ ಎಳೆದುಕೊಳ್ಳುತ್ತಿದೆಯಂತೆ. ಅಡ್ಡ ಗೆರೆ ಎಳೆದು ನೋಡಿದರೆ ಎರಡು ಮೈಕ್ರಾನ್‌ಗೂ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ) ಜಾಸ್ತಿ ತಪ್ಪು! ಗಾಳಿ ಹೀರಿ ಪೀಸನ್ನು ಹಿಡಿದುಕೊಳ್ಳುವ ವ್ಯಾಕ್ಯೂಮ್ ಚಕ್ ಮೇಲೆ ಕಣ್ಣಿಗೂ ಸರಿಯಾಗಿ ಕಾಣದ ಒಂದು ಚೂರು ಸಿಕ್ಕಿಕೊಂಡಿತ್ತು. ಪೀಸು ಬಾಗಿಕೊಂಡೇ ಕೂತಿತ್ತು, ಬಾಗಿದ ಮೇಲೆಯೇ ನಾವು ಚೆನ್ನಾಗಿ ಕತ್ತರಿಸಿದ್ದೆವು. ಬಿಚ್ಚಿದ ಕೂಡಲೇ ಅದು ತನ್ನ ಆಕಾರಕ್ಕೆ ಹೋಯಿತು, ನಮ್ಮ ಆಕಾರ ಕೆಟ್ಟಿತು.

ತಮಾಷೆ ಏನೆಂದರೆ, ಈ ಗುಣವನ್ನೇ ಬೇಕಂತಲೇ ಬಳಸುವವರೂ ಇದ್ದಾರೆ. 30 ಮೀಟರ್ ದೂರದರ್ಶಕ ಟಿಎಂಟಿಗೆ 492 ಷಟ್ಕೋನದ ಕನ್ನಡಿ ತುಂಡುಗಳು ಬೇಕು, ಅದರಲ್ಲಿ 82 ಬೇರೆ ಬೇರೆ ಆಕಾರ. ಗಾಜನ್ನು ಲೆಕ್ಕ ಹಾಕಿ ಬಗ್ಗಿಸಿ, ಹಾಗೇ ಸರಳವಾದ ಗೋಳದಂತೆ ಪಾಲಿಶ್ ಮಾಡಿ ಬಿಟ್ಟರೆ ಅದು ಬೇಕಾದ ಆಕಾರಕ್ಕೆ ಬರುತ್ತದೆ. ಒಂದಷ್ಟು ತುಂಡುಗಳಿಗಾಗಿ ನಮ್ಮ ಹೊಸಕೋಟೆಯ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲೇ ಘಟಕ ಕಟ್ಟಿದ್ದಾರೆ.

ಒಂದು ಗೆರೆ ಸಾಲದು, ಹಾಗಾದರೆ ಪೂರ್ತಿ ಮೇಲ್ಮೈ ಅಳೆಯಲು ಇಂಟರ್‌ಫೆರೋಮೀಟರ್ ತಗೊಳ್ಳಲಾ ಅಂತೀರಿ. ಅದು 632.8 ನ್ಯಾನೋಮೀಟರ್‌ನ ಕೆಂಪು ಲೇಸರ್ ಇಟ್ಟುಕೊಂಡು ನಿಮ್ಮ ಮೇಲ್ಮೈಯನ್ನು ಒಂದು ಪಕ್ಕಾ ಗೋಳದ ಜೊತೆ ಹೋಲಿಸುತ್ತದೆ. ವ್ಯತ್ಯಾಸ ಬೆಳಕು-ಕತ್ತಲೆಯ ಪಟ್ಟಿಗಳಾಗಿ ಕಾಣುತ್ತದೆ. ನಿಮ್ಮದು ಗೋಳದಿಂದ ತೀರಾ ದೂರ ಹೋದರೆ ಆ ಪಟ್ಟಿಗಳು ಒತ್ತೊತ್ತಾಗಿ ಕ್ಯಾಮೆರಾಗೆ ಎಣಿಸಲಾಗದು. ಆಗ ಆ ಆಕಾರಕ್ಕೆಂದೇ ಬರೆಸಿದ ಹೊಲೊಗ್ರಾಮ್, ಅಂದರೆ ಬೆಳಕನ್ನು ಆ ಆಕಾರಕ್ಕೆ ಹೊಂದುವಂತೆ ತಿರುಗಿಸುವ ಸೂಕ್ಷ್ಮ ಗೆರೆಗಳ ಗಾಜು, ನಡುವೆ ಇಡಬೇಕು. ಇನ್ನೊಂದು ಕನ್ನಡಿಗೆ ಆ ಹೊಲೊಗ್ರಾಮ್ ಕೆಲಸಕ್ಕೆ ಬಾರದು. ಹತ್ತಾರು ಬಗೆ ಮಾಡುವವರಿಗೆ ನನ್ನ ಮಟ್ಟಿಗೆ ಡಿಫ್ಲೆಕ್ಟೋಮೆಟ್ರಿ ವಾಸಿ. ಹೊಳೆಯುವ ಸ್ಟೀಲ್ ಚೊಂಬಿನಲ್ಲಿ ಕಿಟಕಿ ಸರಳು ಬಾಗಿ ಕಾಣುತ್ತದಲ್ಲ, ಅದೇ ತತ್ವ. ಸ್ಕ್ರೀನ್ ಮೇಲೆ ಪಟ್ಟಿ ತೋರಿಸಿ, ಕನ್ನಡಿಯಲ್ಲಿ ಅದು ಎಷ್ಟು ಬಾಗಿದೆ ಎಂದು ನೋಡಿ ಇಳಿಜಾರು ಲೆಕ್ಕ ಹಾಕುವುದು. ಆದರೆ ಸ್ಕ್ರೀನ್, ಕ್ಯಾಮೆರಾ ಎಲ್ಲಿವೆ ಎಂಬ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪು.

ಅದಕ್ಕೇ ಒಂದೇ ವಿಧಾನ ನಂಬಬೇಡಿ. 1990ರಲ್ಲಿ ಮೇಲೆ ಹೋದ ಹಬಲ್ ಬಾಹ್ಯಾಕಾಶ ದೂರದರ್ಶಕದ 2.4 ಮೀಟರ್ ಕನ್ನಡಿಯ ಪಾಲಿಶ್ ಅದ್ಭುತವಾಗಿತ್ತು. ಪರೀಕ್ಷಿಸುವ ಸಾಧನದಲ್ಲಿ ಒಂದು ಲೆನ್ಸ್ 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ಅಂಚು ಸುಮಾರು 2 ಮೈಕ್ರಾನ್ ತಪ್ಪಿತು. ಬೇರೆ ಪರೀಕ್ಷೆಗಳು ತಪ್ಪನ್ನು ತೋರಿಸಿದ್ದವು, ಅವು ಅಷ್ಟು ನಿಖರವಲ್ಲ ಎಂದು ಪಕ್ಕಕ್ಕಿಟ್ಟರು.

ರೂಮಿನ ವಿಷಯ ಮರೆಯಬೇಡಿ. 100 ಮಿಲಿಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿಗೆ 2.3 ಮೈಕ್ರಾನ್ ಹಿಗ್ಗುತ್ತದೆ. ಪೀಣ್ಯದ ಲಾರಿಗಳ ಅದುರಾಟ, ಕರೆಂಟ್ ಹೋಗಿ ಏಸಿ ನಿಲ್ಲುವುದು, ಎಲ್ಲ ಗ್ರಾಫ್‌ನಲ್ಲಿ ಕಾಣುತ್ತದೆ. ನಾವು ಪೀಸನ್ನು ರಾತ್ರಿಯಿಡೀ ಅಳತೆ ರೂಮಿನಲ್ಲೇ ಬಿಟ್ಟು ಬೆಳಿಗ್ಗೆ ಅಳೆಯುತ್ತೇವೆ.

ಮಷೀನ್ ಬುಕ್ ಮಾಡುವ ಮುಂಚೆ ತುಮಕೂರು ರಸ್ತೆಯ ಸಿಎಂಟಿಐಗೆ (ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಹೋಗಿ ಬನ್ನಿ, ನಿಮಗೆ ಹತ್ತಿರವೇ. ಮೊದಲ ಆರ್ಡರ್ ಬಂದಾಗ ಗಿರಾಕಿಯನ್ನು ಎರಡು ಕೇಳಿ: ಅಳತೆ ಶುರು ಮಾಡುವ ಮುಖ ಯಾವುದು, ಯಾವ ವಿಧಾನದಲ್ಲಿ ಅಳೆದರೆ ಒಪ್ಪುತ್ತೀರಿ? ಆ ಮುಖವನ್ನೂ ಕನ್ನಡಿಯನ್ನೂ ಬಿಚ್ಚದೆ ಒಂದೇ ಸೆಟಪ್‌ನಲ್ಲಿ ಕತ್ತರಿಸಿ. ಡ್ರಾಯಿಂಗ್‌ನಲ್ಲಿ ಇವೆರಡೂ ಬರೆಯುವ ತನಕ ರೇಟ್ ಹೇಳಬೇಡಿ.