‘ಅಮ್ಮಂಗೆ ಹೇಳ್ಬೇಡ ಅಜ್ಜಿ’

ಪ್ರಶ್ನೆ: ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ವಿಜಯನಗರದಲ್ಲಿ ಮನೆ. ಆರ್.ವಿ. ರಸ್ತೆ, ಮೆಜೆಸ್ಟಿಕ್ ಎರಡು ಕಡೆ ಮೆಟ್ರೊ ಬದಲಿಸಿ ಮನೆ ಸೇರುವಾಗ ರಾತ್ರಿ ಎಂಟೂವರೆ. ಎರಡನೇ ಕ್ಲಾಸಿನ ಮಗನ ಹೋಮ್‌ವರ್ಕ್ ಮುಗಿದಿರುವುದಿಲ್ಲ. ಕೂಗಾಡುತ್ತೇನೆ, ಹೋದ ವಾರ ಒಂದೇಟು ಹೊಡೆದೂಬಿಟ್ಟೆ. ಮೊನ್ನೆ ವಾಟರ್ ಬಾಟಲ್ ಕಳೆದುಕೊಂಡು ಬಂದವನು ‘ಅಮ್ಮಂಗೆ ಹೇಳ್ಬೇಡ ಅಜ್ಜಿ’ ಅಂದನಂತೆ. ಅತ್ತೆ ಹೇಳಿದಾಗಿನಿಂದ ನಿದ್ದೆಯಿಲ್ಲ. ಮಗನ ಹತ್ತಿರ ಸಾರಿ ಕೇಳಲೇ ಅಂದರೆ, ಯಜಮಾನರು ‘ತಲೆ ಮೇಲೆ ಕೂರ್ತಾನೆ’ ಅನ್ನುತ್ತಾರೆ.
– ಹೆಸರು ಬೇಡ

ಉತ್ತರ: ಕೇಳಿ. ಇವತ್ತೇ ಕೇಳಿ.

ಬಾಟಲ್ ಹೋದರೆ ಇನ್ನೊಂದು ಬರುತ್ತದೆ. ಏಳು ವರ್ಷದ ಹುಡುಗ ಅಮ್ಮನಿಂದ ಮುಚ್ಚಿಡಲು ಶುರುಮಾಡಿದ್ದು ಓದಿ ನನಗೆ ಸಂಕಟವಾಯಿತು. ನಾಳೆ ಸ್ಕೂಲ್ ವ್ಯಾನಿನಲ್ಲಿ ಯಾರಾದರೂ ಮುಟ್ಟಬಾರದ ಹಾಗೆ ಮುಟ್ಟಿದರೆ, ಅದನ್ನೂ ಅವನು ನಿಮ್ಮ ಹತ್ತಿರವೇ ಬಂದು ಹೇಳಬೇಕಲ್ಲ?

ಹಾಗಂತ ಎಲ್ಲ ಕೆಟ್ಟುಹೋಯಿತು ಅಂದುಕೊಳ್ಳಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಕೂಸನ್ನು ಆಡಿಸುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳಬೇಕು. ಕೂಸು ನಕ್ಕು ನೋಡುತ್ತದೆ, ಕೈ ಚಾಚುತ್ತದೆ, ಕೊನೆಗೆ ಮುಖ ತಿರುಗಿಸಿ ಅಳುತ್ತದೆ. ತಾಯಿ ಮತ್ತೆ ಮಾತಾಡಿಸಿದಾಗ ಮೆಲ್ಲಗೆ ಒಲಿಯುತ್ತದೆ. ಚೆನ್ನಾಗಿರುವ ತಾಯಿ-ಮಗುವಿನ ನಡುವೆಯೂ ತಾಳ ತಪ್ಪುತ್ತಲೇ ಇರುತ್ತದೆ, ತಪ್ಪಿದ್ದನ್ನು ಮತ್ತೆ ಕೂಡಿಸಿಕೊಳ್ಳುತ್ತಲೇ ಮಗುವಿನ ಮನಸ್ಸು ಗಟ್ಟಿಯಾಗುತ್ತದೆ ಎಂಬುದು ಅವರು ಕಂಡುಕೊಂಡದ್ದು. ನಿಮಗೂ ಈಗ ಆ ಕೂಡಿಸುವ ಕೆಲಸವಿದೆ.

ಅವನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು, ‘ಅವತ್ತು ಹೊಡೆದೆನಲ್ಲ, ಅದು ನನ್ನ ತಪ್ಪು ಕಂದ’ ಅನ್ನಿ. ‘ನೀನು ಬರೆದಿದ್ರೆ ಹೊಡೀತಿರ್ಲಿಲ್ಲ’ ಅಂತ ಬಾಲ ಸೇರಿಸಬೇಡಿ. ಅವನು ಏನೂ ಹೇಳದೆ ಓಡಿಹೋದರೂ ಸರಿಯೇ. ಯಜಮಾನರಿಗೆ ಹೇಳಿ: ಹೋಮ್‌ವರ್ಕ್ ಬರೆಯಲೇಬೇಕು, ಏಟು ಮಾತ್ರ ಇನ್ನು ಇಲ್ಲ.

ಎಂಟೂವರೆಗೆ ನೀವೂ ಸೋತಿರುತ್ತೀರಿ, ಮಗುವೂ ಸೋತಿರುತ್ತದೆ. ಆ ಹೊತ್ತಲ್ಲಿ ಯಾರಿಗೂ ವ್ಯವಕಲನ ತಲೆಗೆ ಹತ್ತುವುದಿಲ್ಲ. ಬರೆಯುವುದು ಸಂಜೆಯೇ ಅಜ್ಜಿಯ ಪಕ್ಕ ಕೂತು ಆಗಲಿ. ಉಳಿದರೆ ಟೀಚರ್‌ಗೆ ಡೈರಿಯಲ್ಲಿ ಎರಡು ಸಾಲು ಬರೆಯಿರಿ. ನೀವು ಬಂದ ಮೊದಲ ಹದಿನೈದು ನಿಮಿಷ ಪುಸ್ತಕದ ಮಾತೇ ಬೇಡ, ಫೋನ್ ಬ್ಯಾಗಿನಲ್ಲೇ ಇರಲಿ. ಸಾರನ್ನ ಕಲಸಿ ಎರಡು ತುತ್ತು ಬಾಯಿಗಿಡಿ. ವ್ಯಾನಿನಲ್ಲಿ ಕಿಟಕಿ ಪಕ್ಕ ಯಾರು ಕೂತರು ಎಂಬಲ್ಲಿಂದ ಮಾತು ಶುರುವಾಗುತ್ತದೆ. ಸುಮ್ಮನೆ ಕೇಳಿಸಿಕೊಳ್ಳಿ.

ವಾರಗಟ್ಟಲೆ ಅವನು ಮಂಕಾಗಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ, ಸ್ಕೂಲಿನ ದಿನ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಬಂದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು-ರಾತ್ರಿ ಸಿಗುತ್ತಾರೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯಕೀಯ ವಿಭಾಗವಿದೆ. ನಿಮ್ಮ ನಿದ್ದೆಯ ವಿಷಯವನ್ನೂ ಅದೇ ನಂಬರಿನಲ್ಲಿ ಹೇಳಿಕೊಳ್ಳಿ.

ಇನ್ನು, ಅಜ್ಜಿ ಗುಟ್ಟು ಬಿಟ್ಟುಕೊಟ್ಟರೆಂದು ಮಗನಿಗೆ ತೋರಿಸಿಕೊಳ್ಳಬೇಡಿ. ಹೆದರಿದಾಗ ಹಿಡಿದು ನಿಲ್ಲಲು ಅವನಿಗಿರುವ ಸೆರಗು ಅದು. ಬಾಟಲ್ ವಿಷಯ ಅವನಾಗಿ ಹೇಳುವವರೆಗೆ ಕಾಯಿರಿ. ಅಲ್ಲಿಯವರೆಗೆ ಮನೆಯಲ್ಲಿರುವ ಹಳೇ ಸ್ಟೀಲ್ ಬಾಟಲಿಗೆ ನೀರು ತುಂಬಿ ಬ್ಯಾಗಿಗೆ ಹಾಕಿ.