ಪೆನ್ನಿನ ಮೇಲೆ ಕನ್ನಡದಲ್ಲಿ ಹೆಸರು ಕೆತ್ತಲು ಯಾವ ಲೇಸರ್ ಮಷೀನು ತಗೋಬೇಕು?

ಗಂಗಾವತಿಯಿಂದ ಕೇಳಿದ್ದೀರಿ. ಪೆನ್ನು, ಕೀಚೈನು, ಸಣ್ಣ ಮರದ ಪೆಟ್ಟಿಗೆಗಳ ಮೇಲೆ ಹೆಸರು ಹಾಕಲು ಮನೆಯಲ್ಲಿ ಇಟ್ಟುಕೊಳ್ಳುವಂಥ ಲೇಸರ್ ಮಷೀನು ಬೇಕು, ಬಜೆಟ್ ಜಾಸ್ತಿ ಇಲ್ಲ, 5 ವ್ಯಾಟ್ ಸಾಕಾ ಅಥವಾ ಸಾಲ ಮಾಡಿಯಾದರೂ 20 ವ್ಯಾಟಿನದು ತಗೊಳ್ಳಲಾ ಅಂತ. ನಾನು ಬಳ್ಳಾರಿಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಹಗಲು ಲಗ್ನಪತ್ರಿಕೆ, ಸಂಜೆ ಪೆನ್ನು. ಮೂರು ವರ್ಷದಿಂದ ಹೀಗೇ ನಡೆದಿದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಉತ್ತರ. ಪೆನ್ನಿಗೆ 5 ವ್ಯಾಟಿನ ಡಯೋಡ್ ಲೇಸರ್ (ಸಣ್ಣ ಚಿಪ್ಪಿನಿಂದ ನೀಲಿ ಕಿರಣ ಬಿಡುವಂಥದು) ಸಾಕು. 3 ಮಿ.ಮೀ. ಪ್ಲೈವುಡ್ ಕತ್ತರಿಸಿ ಕೀಚೈನು ಮಾಡುವ ಆಸೆ ಇದ್ದರೆ 10 ವ್ಯಾಟ್ ತಗೊಳ್ಳಿ. ಇದಕ್ಕಾಗಿ ಸಾಲ ಮಾಡಬೇಡಿ. ನಿಮ್ಮ ಬಜೆಟ್‌ನಲ್ಲಿ ಉಳಿದದ್ದನ್ನು ಒಳ್ಳೆಯ ಕನ್ನಡಕ, ಮುಚ್ಚುವ ಪೆಟ್ಟಿಗೆ, ಹೊಗೆ ಎಳೆಯುವ ಫ್ಯಾನಿಗೆ ಹಾಕಿ.

ವ್ಯಾಟ್ ನೋಡುವಾಗ ಒಂದು ಎಚ್ಚರ ಬೇಕು. ನನ್ನ ಮೊದಲ ಮಷೀನಿನ ಜಾಹೀರಾತಿನಲ್ಲಿ ದೊಡ್ಡದಾಗಿ 40 ವ್ಯಾಟ್ ಎಂದಿತ್ತು. ಮನೆಗೆ ಬಂದ ಮೇಲೆ ಪುಸ್ತಕ ತೆಗೆದು ಓದಿದರೆ, ಆ 40 ಮಷೀನು ಎಳೆಯುವ ಕರೆಂಟಿನ ಲೆಕ್ಕ. ಲೆನ್ಸಿನಿಂದ ಹೊರಬರುವ ಬೆಳಕು ಬರೀ 5 ವ್ಯಾಟ್. ಮಾರಿದವರಿಗೆ ಫೋನ್ ಮಾಡಿದೆ, ವಾಪಸ್ ತಗೊಳ್ಳಲಿಲ್ಲ. ನೀವು ‘ಆಪ್ಟಿಕಲ್ ಔಟ್‌ಪುಟ್’ ಎಷ್ಟು ಅಂತ ಬಾಯಿಬಿಟ್ಟು ಕೇಳಿ. ಆ ಅಂಕಿ ಬರೆದಿಲ್ಲದ ಮಷೀನನ್ನು ಬಿಟ್ಟುಬಿಡಿ.

ಆದರೆ ಅದೇ 5 ವ್ಯಾಟಿನಲ್ಲಿ ಪೆನ್ನಿನ ಕೆಲಸ ಚೆನ್ನಾಗಿಯೇ ಆಯಿತು. ಯಾಕಂದರೆ ಪೆನ್ನಿಗೆ ಬೇಕಾದದ್ದು ಶಕ್ತಿ ಅಲ್ಲ, ಸಣ್ಣ ಚುಕ್ಕೆ. ಜಾಸ್ತಿ ವ್ಯಾಟಿನ ತಲೆಗಳಲ್ಲಿ ಎರಡೋ ನಾಲ್ಕೋ ಡಯೋಡುಗಳ ಕಿರಣವನ್ನು ಕೂಡಿಸಿರುತ್ತಾರೆ, ಚುಕ್ಕೆ ಸಾಮಾನ್ಯವಾಗಿ ಸ್ವಲ್ಪ ದಪ್ಪವಾಗುತ್ತದೆ. ಮರ ಕತ್ತರಿಸಲು ಅದು ಒಳ್ಳೆಯದು. 3 ಮಿ.ಮೀ. ಎತ್ತರದ ಅಕ್ಷರಕ್ಕೆ ಅಲ್ಲ.

ಸಿಒ2 ಲೇಸರ್ (ಟ್ಯೂಬಿನಲ್ಲಿ ತುಂಬಿದ ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ಕಿರಣ ಬಿಡುವಂಥದು) ತಗೊಳ್ಳಿ ಎಂದು ಯಾರಾದರೂ ಹೇಳಬಹುದು. ಮರ, ಚರ್ಮ, ಪಾರದರ್ಶಕ ಅಕ್ರಿಲಿಕ್‌ಗೆ ಅದು ನಿಜಕ್ಕೂ ಮೇಲು. ನೀಲಿ ಡಯೋಡಿನ ಬೆಳಕು ಪಾರದರ್ಶಕ ಅಕ್ರಿಲಿಕ್ ಒಳಗಿಂದ ಹಾಗೇ ದಾಟಿ ಹೋಗುತ್ತದೆ, ಕತ್ತರಿಸುವುದಿಲ್ಲ. ಆದರೆ ಕಡಿಮೆ ಬೆಲೆಯ ಸಿಒ2 ಮಷೀನುಗಳ ಗಾಜಿನ ಟ್ಯೂಬನ್ನು ನೀರು ಹರಿಸಿ ತಣ್ಣಗಿಡಬೇಕು. ನೀರು 20–25 ಡಿಗ್ರಿ ಆಸುಪಾಸು ಇದ್ದರೆ ಟ್ಯೂಬು ಬಾಳುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಟ್ಯಾಂಕಿನ ನೀರಿಗೆ ಕೈ ಇಡಲಾಗುವುದಿಲ್ಲ, ಅಲ್ವಾ? ಬಕೆಟ್ಟಿನಲ್ಲಿ ಪಂಪ್ ಬಿಟ್ಟರೆ ಸಾಲದು, ನೀರು ತಣ್ಣಗೆ ಮಾಡುವ ಚಿಲ್ಲರ್ ಬೇಕು. ಆ ಖರ್ಚು ಸೇರಿಸಿದರೆ ನಿಮ್ಮ ಬಜೆಟ್ ದಾಟುತ್ತದೆ.

ಈಗ ಪೆನ್ನು. ಬಿದಿರು ಮತ್ತು ಮರದ ಪೆನ್ನಿಗೆ ಡಯೋಡ್ ಹೇಳಿ ಮಾಡಿಸಿದ ಹಾಗಿದೆ. ಬಣ್ಣ ಬಳಿದ ಲೋಹದ ಪೆನ್ನಿನಲ್ಲಿ ಬಣ್ಣ ಸುಟ್ಟುಹೋಗಿ ಒಳಗಿನ ಹಿತ್ತಾಳೆ ಅಥವಾ ಸ್ಟೀಲು ಹೊಳೆಯುತ್ತದೆ. ಗ್ರಾಹಕರು ಅತಿ ಹೆಚ್ಚು ಇಷ್ಟಪಡುವುದು ಇದನ್ನೇ. ಆನೋಡೈಸ್ ಮಾಡಿದ (ವಿದ್ಯುತ್ತಿನಿಂದ ಮೇಲ್ಪದರ ಕೂರಿಸಿದ) ಅಲ್ಯುಮಿನಿಯಂ ಪೆನ್ನಿನಲ್ಲೂ ಬಿಳಿಚಿದ ಗುರುತು ಚೆಂದ ಬರುತ್ತದೆ. ಬರೀ ಸ್ಟೀಲು, ಕ್ರೋಮ್ ಪೆನ್ನು ಮಾತ್ರ 5 ವ್ಯಾಟಿಗೆ ಜಗ್ಗುವುದಿಲ್ಲ. ಅದಕ್ಕೆ 1064 ನ್ಯಾನೋಮೀಟರಿನ ಫೈಬರ್ ಲೇಸರ್ ಬೇಕು, ಅದು ಅಂಗಡಿ ಇಟ್ಟವರ ಮಷೀನು. ಅಂಥ ಆರ್ಡರ್ ಬಂದರೆ ಫೈಬರ್ ಮಷೀನು ಇರುವ ಅಂಗಡಿಯಲ್ಲಿ ಮಾಡಿಸಿ ಕೊಡಿ.

ಪೆನ್ನು ದುಂಡಗಿದೆ, ಅದನ್ನು ತಿರುಗಿಸುವ ರೋಟರಿ ಬೇಕಲ್ವಾ ಎಂದು ನಿಮಗೆ ಅನಿಸಬಹುದು. ಹೆಸರಿಗೆ ಬೇಡ. ಲೆಕ್ಕ ಹಾಕಿ ನೋಡಿ: ಪೆನ್ನಿನ ಅಡ್ಡಳತೆ 10 ಮಿ.ಮೀ., ಅಕ್ಷರದ ಎತ್ತರ 4 ಮಿ.ಮೀ. ಅಕ್ಷರದ ನಡುಭಾಗಕ್ಕಿಂತ ಅಂಚು ಸುಮಾರು 0.4 ಮಿ.ಮೀ. ಕೆಳಗಿರುತ್ತದೆ, ಅಷ್ಟೇ. ಫೋಕಸನ್ನು ದುಂಡಿನ ತೀರಾ ಮೇಲಕ್ಕೆ ಇಡದೆ 0.2 ಮಿ.ಮೀ. ಕೆಳಗೆ ಇಟ್ಟರೆ ನಡುವೂ ಅಂಚೂ ಎರಡೂ ಸ್ವಚ್ಛ ಬರುತ್ತವೆ. ರೋಟರಿ ಬೇಕಾಗುವುದು ಪೆನ್ನಿನ ಸುತ್ತ ಬಳ್ಳಿ, ಪಟ್ಟಿ ಹಾಕುವಾಗ.

ರೋಟರಿಗಿಂತ ಮುಖ್ಯ, ಪೆನ್ನು ಅಲುಗದ ಹಾಗೆ ಕೂರಿಸುವುದು. ನಾನು ಒಂದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡಿನಲ್ಲಿ ‘ವಿ’ ಆಕಾರದ ತೋಡು ತೆಗೆಸಿಕೊಂಡಿದ್ದೇನೆ. ಪೆನ್ನು ಅದರಲ್ಲಿ ಮಲಗುತ್ತದೆ, ಕ್ಲಿಪ್ಪು ಯಾವಾಗಲೂ ಒಂದೇ ಕಡೆ ತಿರುಗಿರುತ್ತದೆ. ಹೊಳೆಯುವ ಕ್ಲಿಪ್ಪಿನ ಮೇಲೆ ಮಾಸ್ಕಿಂಗ್ ಟೇಪ್ ಸುತ್ತುತ್ತೇನೆ, ಕಿರಣ ತಪ್ಪಿ ಅದಕ್ಕೆ ಬಡಿದರೆ ಕನ್ನಡಿಯಂತೆ ತಿರುಗಿಸಿ ಎಸೆಯುತ್ತದೆ. ಹೆಸರು ಬರುವ ಜಾಗಕ್ಕೂ ಒಂದು ಪಟ್ಟಿ ಕಾಗದದ ಟೇಪ್ ಅಂಟಿಸಿ, ಮೊದಲು ತೀರಾ ಕಡಿಮೆ ಪವರಿನಲ್ಲಿ ಟೇಪಿನ ಮೇಲೆ ಬರೆಸುತ್ತೇನೆ. ಹೆಸರು ಓರೆಯಾಗಿದ್ದರೆ ಅಲ್ಲೇ ಕಾಣುತ್ತದೆ. ಟೇಪ್ ಕಿತ್ತು ಪೆನ್ನು ಸರಿಮಾಡಿದರೆ ಆಯಿತು.

ಇನ್ನು ಅಕ್ಷರ. ಇದರ ಬಗ್ಗೆ ಯಾವ ವಿಡಿಯೋದಲ್ಲೂ ನನಗೆ ಹೇಳಿಕೊಟ್ಟವರಿಲ್ಲ. ಇಂಗ್ಲಿಷ್ ಹೆಸರು ಒಂದು ಸಾಲಿನಲ್ಲಿ ಸುಮ್ನೆ ಕೂತುಕೊಳ್ಳುತ್ತದೆ. ನಮ್ಮದು ಹಾಗಲ್ಲ. ‘ವಿರೂಪಾಕ್ಷಪ್ಪ’ ಎಂದು ಬರೆದು ನೋಡಿ. ಗುಡಿಸು ಮೇಲೇಳುತ್ತದೆ, ‘ಪ್ಪ’ದ ಒತ್ತು ಕೆಳಗಿಳಿಯುತ್ತದೆ. 4 ಮಿ.ಮೀ. ಜಾಗದಲ್ಲಿ ಒತ್ತಿಗೆ ಸಿಗುವುದು 1 ಮಿ.ಮೀ.ಗೂ ಸ್ವಲ್ಪ ಕಡಿಮೆ. ಲೇಸರಿನ ಗೆರೆಯೇ 0.1 ಮಿ.ಮೀ. ಹತ್ತಿರ ದಪ್ಪ ಇರುವಾಗ, ಪವರ್ ಒಂದು ಚೂರು ಜಾಸ್ತಿಯಾದರೂ ‘ಪ’ದ ಹೊಟ್ಟೆ ಮುಚ್ಚಿಹೋಗುತ್ತದೆ. ಒತ್ತು ಕರಿ ಚುಕ್ಕೆಯಾಗುತ್ತದೆ. ಜನ ತಮ್ಮ ಹೆಸರನ್ನು ಹತ್ತಿರ ಹಿಡಿದು ಓದುತ್ತಾರೆ. ನಿವೃತ್ತಿಯಾಗುವ ಮೇಷ್ಟ್ರಿಗೆ ಕೊಡುವ ಪೆನ್ನಿನಲ್ಲಿ ಒತ್ತಕ್ಷರ ಕೆಟ್ಟರೆ ನನಗೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಅದಕ್ಕೆ ಹೀಗೆ ಮಾಡಿ. ಹೆಸರನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಯೂನಿಕೋಡಿನಲ್ಲೇ ಟೈಪ್ ಮಾಡಿ. ಆ ಸಾಫ್ಟ್‌ವೇರ್ ಉಚಿತ, ಒತ್ತಕ್ಷರವನ್ನು ಸರಿಯಾಗಿ ಜೋಡಿಸುತ್ತದೆ. ಆಮೇಲೆ ಅಕ್ಷರವನ್ನು ‘ಪಾತ್’ ಆಗಿ ಬದಲಿಸಿ ಎಸ್‌ವಿಜಿ ಫೈಲ್ ಮಾಡಿ. ಆಗ ಅದು ಬರೀ ಗೆರೆಗಳ ಆಕಾರ, ಮುಂದಿನ ಯಾವ ಸಾಫ್ಟ್‌ವೇರ್ ಕೈಯಲ್ಲೂ ಒಡೆಯುವುದಿಲ್ಲ. ನಮ್ಮ ಡಿಟಿಪಿಯವರು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ, ಹೆಸರನ್ನು ಮತ್ತೆ ಟೈಪ್ ಮಾಡಿಕೊಳ್ಳಿ. ಫಾಂಟಿನಲ್ಲಿ ನನಗೆ ‘ನೋಟೋ ಸಾನ್ಸ್ ಕನ್ನಡ’ದ ತೆಳು ಗೆರೆಯ ಬಗೆಗಳು ಒಗ್ಗಿವೆ. ‘ಬಾಲೂ ತಮ್ಮ’ ದಪ್ಪ ಫಾಂಟು, ಪೆಟ್ಟಿಗೆಯ ಮುಚ್ಚಳಕ್ಕೆ ಸೊಗಸು, ಪೆನ್ನಿಗೆ ಬೇಡ. ಅಕ್ಷರಗಳ ನಡುವೆ ಅಂತರ ಒಂದು ಚೂರು ಹೆಚ್ಚಿಸಿ. ಎಸ್‌ವಿಜಿ ಬದಲು ಫೋಟೋದಂಥ ಚಿತ್ರವಾಗಿ ಕಳಿಸುವುದಾದರೆ 254 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ) ಇಡಿ, ಮಿಲಿಮೀಟರಿಗೆ ಸರಿಯಾಗಿ ಹತ್ತು ಗೆರೆ ಬೀಳುತ್ತವೆ. ಮಷೀನು ನಡೆಸಲು ವಿಂಡೋಸ್‌ನಲ್ಲಿ ಲೇಸರ್‌ಜಿಆರ್‌ಬಿಎಲ್ ಉಚಿತವಾಗಿದೆ. ಲೈಟ್‌ಬರ್ನ್‌ಗೆ ದುಡ್ಡು ಕೊಡಬೇಕು, ಆದರೆ ಮೊದಲು ಕೆಲವು ದಿನ ಪುಕ್ಕಟೆ ಬಳಸಿ ನೋಡಬಹುದು. ನೀವು ತಗೊಳ್ಳುವ ಮಷೀನು ಇವೆರಡಕ್ಕೂ ಹೊಂದಬೇಕು. ಬರೀ ಮೊಬೈಲ್ ಆಪ್‌ನಲ್ಲಿ ನಡೆಯುವುದನ್ನು ತಗೊಳ್ಳಬೇಡಿ.

ಕೀಚೈನು ಎಂದಿರಿ. ಇಲ್ಲಿ ನಾನು ಕೈಮುಗಿದು ಕೇಳುತ್ತೇನೆ, ರೆಕ್ಸಿನ್ನಿಗೆ ಲೇಸರ್ ಹಾಕಬೇಡಿ. ಚರ್ಮ ಎಂದು ಮಾರುವ ಎಷ್ಟೋ ಕೀಚೈನು, ಪರ್ಸುಗಳು ಪಿವಿಸಿ ಲೇಪದ ಬಟ್ಟೆ. ಫ್ಲೆಕ್ಸ್ ತುಂಡು, ಸನ್‌ಬೋರ್ಡ್ ಕೂಡ ಪಿವಿಸಿಯೇ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಎದೆಗೆ ಹೊಕ್ಕರೆ ಆಸಿಡ್, ಮಷೀನಿನ ಕಂಬಿ, ಬೇರಿಂಗುಗಳಿಗೂ ತುಕ್ಕು. ಫ್ಯಾನ್ ಇದ್ದರೂ ಬೇಡ. ಅನುಮಾನ ಬಂದರೆ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಮನೆಯ ಹೊರಗೆ, ಕೆಂಪಗೆ ಕಾಯಿಸಿ. ಆ ಬಿಸಿ ತಂತಿಯನ್ನು ಕೀಚೈನಿನ ಅಂಚಿಗೆ ತಾಗಿಸಿ ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಪಕ್ಕಕ್ಕಿಡಿ. ಇದೇ ಕಾರಣಕ್ಕೆ ಪ್ಲಾಸ್ಟಿಕ್ ಪೆನ್ನುಗಳನ್ನೂ ನಾನು ಮುಟ್ಟುವುದಿಲ್ಲ, ಯಾವುದರಲ್ಲಿ ಯಾವ ಪ್ಲಾಸ್ಟಿಕ್ ಇದೆ ಅಂತ ತಿಳಿಯುವುದಿಲ್ಲ.

ನಿಮ್ಮ ಜಿಲ್ಲೆಯ ಕಿನ್ನಾಳದ ಗೊಂಬೆಗಳ ಮೇಲೆ ಹೆಸರು ಹಾಕಿಕೊಡಿ ಎಂದೂ ಯಾರಾದರೂ ಕೇಳುತ್ತಾರೆ. ಬಣ್ಣದ ಮೇಲೆ ಹಾಕಬೇಡಿ. ಹಗುರ ಮರ, ಹುಣಸೆ ಬೀಜದ ಅಂಟು, ಅದರ ಮೇಲೆ ಕೈಯಿಂದ ಬಳಿದ ಬಣ್ಣ. ಒಬ್ಬರ ಅಷ್ಟು ದಿನದ ಕೆಲಸವನ್ನು ಸುಡಲು ನನಗೆ ಮನಸ್ಸಾಗುವುದಿಲ್ಲ. ಗೊಂಬೆಗೆ ಬೇರೆ ಮರದ ಪೀಠ ಮಾಡಿಸಿ, ಹೆಸರು ಅದರ ಮೇಲೆ ಬರಲಿ.

ಕಣ್ಣಿನ ಮಾತು. ಇವು 4ನೇ ದರ್ಜೆಯ ಲೇಸರುಗಳು, ಚದುರಿ ಬಂದ ಬೆಳಕೂ ಕಣ್ಣು ಕೆಡಿಸುತ್ತದೆ. ಮಷೀನಿನ ಜೊತೆ ಪುಕ್ಕಟೆ ಬರುವ ಕನ್ನಡಕವನ್ನು ನಂಬಬೇಡಿ. ಕನ್ನಡಕದ ಮೇಲೆ 450 ನ್ಯಾನೋಮೀಟರು (ಈ ನೀಲಿ ಬೆಳಕಿನ ತರಂಗದ ಅಳತೆ) ಒಳಗೊಳ್ಳುವ ವ್ಯಾಪ್ತಿ ಮತ್ತು ಬೆಳಕು ತಡೆಯುವ ಅಳತೆ ‘OD’ 5 ಅಥವಾ ಹೆಚ್ಚು ಎಂದು ಅಚ್ಚಾಗಿರಬೇಕು. ಮಕ್ಕಳು ಓಡಾಡುವ ಮನೆಯಾದರೆ ಮುಚ್ಚಳವಿರುವ ಪೆಟ್ಟಿಗೆ ಇಲ್ಲದೆ ಮಷೀನು ಆನ್ ಮಾಡಲೇಬೇಡಿ. ಮಷೀನು ಓಡುವಾಗ ಬಿಟ್ಟು ಎದ್ದು ಹೋಗಬೇಡಿ, ಮರಕ್ಕೆ ಬೆಂಕಿ ಹತ್ತಲು ಒಂದು ನಿಮಿಷ ಸಾಕು.

ಲಿಮಿಟ್ ಸ್ವಿಚ್ ಇರುವ ಮಷೀನನ್ನೇ ಆರಿಸಿ. ಕರೆಂಟು ಹೋಗಿ ಬಂದರೆ ಅದು ತನ್ನ ಮೂಲೆಗೆ ಹೋಗಿ ಮತ್ತೆ ಅದೇ ಜಾಗ ಹುಡುಕಿಕೊಳ್ಳುತ್ತದೆ. ನೀವು ಪೆನ್ನು ಮುಟ್ಟದೆ ಬಿಟ್ಟಿದ್ದರೆ ಕೆಲಸ ಉಳಿಯುತ್ತದೆ. ನನ್ನದಕ್ಕೆ 12 ವೋಲ್ಟ್, 5 ಆಂಪಿಯರಿನ ಅಡಾಪ್ಟರ್, ಅಂದರೆ 60 ವ್ಯಾಟ್. ಕಂಪ್ಯೂಟರಿನ ಯುಪಿಎಸ್‌ಗೇ ಅದನ್ನೂ ಸೇರಿಸಿದ್ದೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಕೆಲಸ ಮುಗಿಸಿ, ಡಯೋಡಿಗೆ ಸೆಕೆ ಆಗುವುದಿಲ್ಲ. ನಮ್ಮ ಧೂಳಿಗೆ ಲೆನ್ಸು ಬೇಗ ಮಬ್ಬಾಗುತ್ತದೆ. ವಾರಕ್ಕೊಮ್ಮೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಮೆಲ್ಲಗೆ ಒರೆಸಿ.

ಮಷೀನಿನ ಜೊತೆಗೇ ಹತ್ತು ಬಿದಿರಿನ ಪೆನ್ನು ತರಿಸಿಕೊಳ್ಳಿ. ನನ್ನ 5 ವ್ಯಾಟಿನಲ್ಲಿ ಬಿದಿರಿಗೆ ನಿಮಿಷಕ್ಕೆ 2000 ಮಿ.ಮೀ. ವೇಗ, 50ರಿಂದ 60 ಶೇಕಡಾ ಪವರ್ ಸರಿಹೋಗುತ್ತದೆ. ಅಲ್ಲಿಂದ ಶುರು ಮಾಡಿ, ಒಂದೇ ಪೆನ್ನಿನ ಉದ್ದಕ್ಕೂ ‘ಪ್ಪ’, ‘ಕ್ಷ’, ‘ಶ್ರೀ’ ಈ ಮೂರನ್ನೇ ಬೇರೆ ಬೇರೆ ಪವರಿನಲ್ಲಿ ಬರೆಸಿ ನೋಡಿ. ಯಾವುದರಲ್ಲಿ ಒತ್ತಿನ ಹೊಟ್ಟೆ ತೆರೆದಿದೆಯೋ ಆ ಅಂಕಿಯನ್ನು ಪೆನ್ಸಿಲಿನಲ್ಲಿ ಆ ಪೆನ್ನಿನ ಮೇಲೇ ಬರೆದಿಟ್ಟುಕೊಳ್ಳಿ. ಯಾವ ಮಷೀನು ತಗೊಂಡಿರಿ ಅಂತ ಇಲ್ಲೇ ತಿಳಿಸಿ. ನನ್ನ ‘ವಿ’ ತೋಡಿನ ಅಳತೆ ಕಳಿಸುತ್ತೇನೆ.